ಗ್ರಾಫಿಕ್ಸ್ ಕಾರ್ಡಿಗೆ ನೀರಿನ ತಂಪು: ಚಿಪ್ ಒಂದನ್ನೇ ನೋಡದೆ ಮೆಮೊರಿಯನ್ನೂ ಲೆಕ್ಕಕ್ಕೆ ಹಿಡಿದು ಆರಿಸುವ ಬಗೆ

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಾರವಾರದ ಕಾಜುಬಾಗದಲ್ಲಿರುವ ನನ್ನ ಕೆಲಸದ ಕೋಣೆಯ ತಾಪಮಾಪಕ 33 ಡಿಗ್ರಿ ತೋರಿಸುತ್ತಿತ್ತು. ರಾತ್ರಿಯಿಡೀ ನಡೆದ ಬಡಗುತಿಟ್ಟಿನ ಬಯಲಾಟವೊಂದರ ವಿಡಿಯೊದಲ್ಲಿ, ಮಂದ ಬೆಳಕಿನ ದೃಶ್ಯಗಳ ಮೇಲೆ ಕಾಳುಕಾಳಾಗಿ ಮಿನುಗುತ್ತಿದ್ದ ನಾಯ್ಸ್ ತೆಗೆಯುವ ಕೆಲಸಕ್ಕೆ ಎನ್‌ವಿಡಿಯಾದ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡನ್ನು ಹಚ್ಚಿ ಊಟಕ್ಕೆ ಹೋಗಿದ್ದೆ. ಮರಳಿ ಬಂದು ನೋಡಿದಾಗ ಚಿಪ್‌ನ ಉಷ್ಣತೆ 71 ಡಿಗ್ರಿ ಇತ್ತು, ಆತಂಕಪಡುವಂಥದ್ದೇನೂ ಇರಲಿಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲಿ ಮೆಮೊರಿಯ ಉಷ್ಣತೆ 110ಕ್ಕೆ ಮುಟ್ಟಿ ನಿಂತಿತ್ತು. ಕಾರ್ಡ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿತ್ತು, ಊಟದ ಹೊತ್ತಿಗೆ ಮುಗಿಯಬೇಕಿದ್ದ ಭಾಗ ಇನ್ನೂ ಅರ್ಧಕ್ಕೆ ಬಂದಿತ್ತು.

ನೀರಿನ ತಂಪಿನ ವ್ಯವಸ್ಥೆಯನ್ನು ಹುಡುಕಲು ಹೊರಟಾಗ ನನಗೆ ಸಿಕ್ಕ ಹೆಚ್ಚಿನ ಹೋಲಿಕೆಗಳು ಚಿಪ್‌ನ ಉಷ್ಣತೆಯನ್ನು ಮಾತ್ರ ಮುಂದಿಟ್ಟು ತೀರ್ಪು ಕೊಡುತ್ತಿದ್ದವು. ನನ್ನ ಕಾರ್ಡಿನಲ್ಲಿ ತೊಂದರೆ ಇದ್ದದ್ದು ಚಿಪ್‌ನಲ್ಲಿ ಅಲ್ಲ. ಅಂಥ ತೀರ್ಪನ್ನು ನಂಬಿ ಹಣ ಹಾಕಿದ್ದರೆ 71 ಡಿಗ್ರಿಯ ಚಿಪ್ 50ಕ್ಕೆ ಇಳಿಯುತ್ತಿತ್ತು, 110 ಡಿಗ್ರಿಯ ಮೆಮೊರಿ ಅಲ್ಲೇ ಉಳಿಯುತ್ತಿತ್ತು. ಆದ್ದರಿಂದ ಈ ಬರಹದಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಮೊದಲು ಮೆಮೊರಿಯ ಕಡೆಯಿಂದ, ಆಮೇಲೆ ನಮ್ಮ ಕರಾವಳಿಯ ಹವೆಯ ಕಡೆಯಿಂದ ನೋಡಿದ್ದೇನೆ.

ಮೆಮೊರಿ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ

ಗ್ರಾಫಿಕ್ಸ್ ಕಾರ್ಡಿನ ಬೋರ್ಡಿನಲ್ಲಿ ಶಾಖ ಹುಟ್ಟುವ ಜಾಗಗಳು ಮೂರು: ನಡುವಿನ ಚಿಪ್, ಅದರ ಸುತ್ತ ಸಾಲಾಗಿ ಕುಳಿತ ಮೆಮೊರಿಯ ಚಿಕ್ಕ ಚಿಪ್‌ಗಳು, ಮತ್ತು ವಿದ್ಯುತ್ತನ್ನು ಹದಗೊಳಿಸಿ ಒದಗಿಸುವ ವಿಆರ್‌ಎಮ್ ಭಾಗ. 2020ರಲ್ಲಿ ಬಂದ ಆರ್‌ಟಿಎಕ್ಸ್ 3080 ಮತ್ತು 3090 ಕಾರ್ಡುಗಳಲ್ಲಿ ಮೈಕ್ರಾನ್ ಕಂಪನಿಯ ಜಿಡಿಡಿಆರ್6ಎಕ್ಸ್ ಮೆಮೊರಿ ಇದೆ. ಇದು ಹಿಂದಿನ ಜಿಡಿಡಿಆರ್6ಗಿಂತ ವೇಗವಾಗಿದ್ದು ಅದಕ್ಕೆ ತಕ್ಕಂತೆ ಬಿಸಿಯೂ ಆಗುತ್ತದೆ. 3090ರ 24 ಜಿಬಿ ಮೆಮೊರಿ ತಲಾ 1 ಜಿಬಿಯ 24 ಚಿಪ್‌ಗಳಲ್ಲಿ ಹಂಚಿಹೋಗಿದ್ದು, ಹನ್ನೆರಡು ಬೋರ್ಡಿನ ಮುಂಬದಿಗೂ ಹನ್ನೆರಡು ಬೆನ್ನಿಗೂ ಇವೆ. ಮುಂಬದಿಯವು ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಮುಖ್ಯ ಹೀಟ್‌ಸಿಂಕಿನ ಆಸರೆಯಲ್ಲಿರುತ್ತವೆ. ಬೆನ್ನಿನ ಹನ್ನೆರಡಕ್ಕೆ ಶಾಖ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡಿನ ಮೂಲಕ ಅಂಟಿಕೊಂಡ ಬ್ಯಾಕ್‌ಪ್ಲೇಟ್ ಎಂಬ ಲೋಹದ ತಗಡು ಬಿಟ್ಟರೆ ಬೇರೆ ದಿಕ್ಕಿಲ್ಲ, ಆ ತಗಡಿನ ಮೇಲೆ ಗಾಳಿಯೂ ಆಡುವುದಿಲ್ಲ. 2022ರ 3090 ಟಿಐ ಕಾರ್ಡಿನಲ್ಲಿ ಅದೇ 24 ಜಿಬಿಯನ್ನು ತಲಾ 2 ಜಿಬಿಯ ಹನ್ನೆರಡು ಚಿಪ್‌ಗಳಲ್ಲಿ ಮುಂಬದಿಗೇ ಕೂರಿಸಿದ್ದರಿಂದ, ಕಾರ್ಡಿನ ಒಟ್ಟು ವಿದ್ಯುತ್ 350 ವ್ಯಾಟಿನಿಂದ 450ಕ್ಕೆ ಏರಿದರೂ ಮೆಮೊರಿಯನ್ನು ತಂಪಾಗಿಡುವುದು ಸುಲಭವಾಯಿತು. ಹೆಸರಿನಲ್ಲಿ ಎರಡಕ್ಷರ ಮಾತ್ರ ಬೇರೆಯಾಗಿರುವ ಈ ಎರಡು ಕಾರ್ಡುಗಳಿಗೆ ಬೇಕಾದ ತಂಪಿನ ವ್ಯವಸ್ಥೆ ಬೇರೆ ಬೇರೆ ಎಂಬುದನ್ನು ಕೊಳ್ಳುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆ 2015ರಲ್ಲಿ ಎಎಮ್‌ಡಿ ತಂದ ಆರ್9 ಫ್ಯೂರಿ ಎಕ್ಸ್. ಅದರ ಎಚ್‌ಬಿಎಮ್ ಮೆಮೊರಿ ಮುಖ್ಯ ಚಿಪ್‌ನ ಪಕ್ಕದಲ್ಲೇ, ಒಂದೇ ತಳಹದಿಯ ಮೇಲೆ ಕೂತಿತ್ತು. ಆದ್ದರಿಂದ ಕಾರ್ಖಾನೆಯಿಂದಲೇ ಬಂದ ನೀರಿನ ಕೂಲರಿನ ಒಂದು ತಾಮ್ರದ ತಟ್ಟೆ ಎರಡನ್ನೂ ಒಟ್ಟಿಗೆ ಮುಚ್ಚುತ್ತಿತ್ತು. ಮೆಮೊರಿಗೆ ಪ್ರತ್ಯೇಕ ಚಿಂತೆ ಬೇಡದ ಅಂಥ ಜೋಡಣೆ ಇಂದು ಮನೆಬಳಕೆಯ ಕಾರ್ಡುಗಳಲ್ಲಿ ಸಿಗುವುದಿಲ್ಲ.

ನಿಮ್ಮ ಕಾರ್ಡಿನ ಸ್ಥಿತಿ ತಿಳಿಯಲು ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ಮೆಮೊರಿ ಜಂಕ್ಷನ್ ಎಂಬ ಸಾಲನ್ನು ಹುಡುಕಿ, ನೀವು ದಿನವೂ ಮಾಡುವ ಕೆಲಸವನ್ನೇ ಕನಿಷ್ಠ ಅರ್ಧ ಗಂಟೆ ನಡೆಸಿ ನೋಡಬೇಕು. ಚಿಪ್ ಬಿಸಿಯಾಗಲು ನಿಮಿಷಗಳು ಸಾಕು, ಬ್ಯಾಕ್‌ಪ್ಲೇಟ್ ಪೂರ್ತಿ ಕಾಯಲು ಅಷ್ಟು ಹೊತ್ತು ಬೇಕು. ಜಿಡಿಡಿಆರ್6ಎಕ್ಸ್ ಇರುವ ಕಾರ್ಡಿನಲ್ಲಿ 90ರೊಳಗೆ ನಿಂತರೆ ನೀರಿನ ಯೋಚನೆಯನ್ನು ಅಲ್ಲಿಗೇ ಬಿಡಬಹುದು. 100 ದಾಟಿದರೆ ಮುಂದೆ ಓದಿ.

ನೀರು ಮಾಡುವುದೇನು, ಮಾಡದಿರುವುದೇನು

ನೀರು ಶಾಖವನ್ನು ನಾಶಮಾಡುವುದಿಲ್ಲ, ಇಕ್ಕಟ್ಟಾದ ಜಾಗದಿಂದ, ಫ್ಯಾನಿನ ಗಾಳಿಗೆ ನೀರನ್ನು ಆರಿಸುವ ವಿಶಾಲವಾದ ರೇಡಿಯೇಟರಿಗೆ ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಬೇಕು. 350 ವ್ಯಾಟಿನ ಕಾರ್ಡ್ ನಿಮಿಷಕ್ಕೆ 21 ಕಿಲೋಜೂಲ್ ಶಾಖ ಹೊರಹಾಕುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ನೀರು ಹರಿದರೂ ಅದು ಚಿಪ್‌ಗೆ ತಾಗಿ ಕೂರುವ ಬ್ಲಾಕ್ ಎಂಬ ಲೋಹದ ಭಾಗದ ಒಳಗೆ ಹೋಗಿ ಹೊರಬರುವಷ್ಟರಲ್ಲಿ 5 ಡಿಗ್ರಿ ಮಾತ್ರ ಏರುತ್ತದೆ, ಮೂರು ಲೀಟರ್ ಹರಿದರೆ 2 ಡಿಗ್ರಿಗೂ ಕಡಿಮೆ. ಹೀಗಿರುವಾಗ ಬಲಶಾಲಿ ಪಂಪಿಗೆ ಹೆಚ್ಚು ಹಣ ಸುರಿಯುವುದರಿಂದ ಸಿಗುವ ಲಾಭ ಅಲ್ಪ. ಹಣ ಹೋಗಬೇಕಾದದ್ದು ರೇಡಿಯೇಟರಿನ ವಿಸ್ತಾರಕ್ಕೆ. 120 ಮಿ.ಮೀ. ಫ್ಯಾನಿನಷ್ಟು ಜಾಗಕ್ಕೆ 100ರಿಂದ 120 ವ್ಯಾಟ್ ಎಂದು ಹಿಡಿದರೆ ಸದ್ದಿಲ್ಲದೆ ಕೆಲಸವಾಗುತ್ತದೆ ಎಂಬುದು ಬಳಸುವವರ ನಡುವೆ ರೂಢಿಯಲ್ಲಿರುವ ಲೆಕ್ಕ. ಆ ಪ್ರಕಾರ 350 ವ್ಯಾಟಿನ ಕಾರ್ಡಿಗೆ ಮೂರು ಫ್ಯಾನಿನ 360 ಮಿ.ಮೀ. ರೇಡಿಯೇಟರ್ ಬೇಕು.

ರೇಡಿಯೇಟರ್ ಎಷ್ಟೇ ದೊಡ್ಡದಾದರೂ ನೀರು ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಚಳಿದೇಶಗಳ ಪರೀಕ್ಷೆಗಳಲ್ಲಿ ಕೋಣೆಯ ಉಷ್ಣತೆ 21 ಡಿಗ್ರಿ ಎಂದಿರುತ್ತದೆ, ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಅದು 32–33. ಆದ್ದರಿಂದ ಅಲ್ಲಿ ಕೊಟ್ಟ ಯಾವ ಅಂಕಿಗಾದರೂ ಹನ್ನೊಂದೋ ಹನ್ನೆರಡೋ ಡಿಗ್ರಿ ಸೇರಿಸಿಯೇ ಓದಬೇಕು. ಅಲ್ಲದೆ ಕಾರ್ಡಿನಿಂದ ಹೊರಬಿದ್ದ ಶಾಖವೆಲ್ಲ ಕೊನೆಗೆ ನೀವು ಕುಳಿತ ಕೋಣೆಗೇ ಸೇರುತ್ತದೆ. ಕಿಟಕಿ ಮುಚ್ಚಿದ ಹತ್ತಡಿ ಕೋಣೆಯಲ್ಲಿ ನೀರಿನ ವ್ಯವಸ್ಥೆ ಹಾಕುವುದಕ್ಕಿಂತ ಮೊದಲು ಗೋಡೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಜಾಣತನ.

ನೀರನ್ನು ಯಂತ್ರದಿಂದ ತಣಿಸಿ ಕಳಿಸುವ ಚಿಲ್ಲರ್ ಹಾಕಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಕಾರವಾರದಲ್ಲಿ ಖಂಡಿತ ಬೇಡ. ಇಲ್ಲಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ, ಮಳೆಗಾಲದಲ್ಲಿ 25 ಡಿಗ್ರಿಯ ಆಸುಪಾಸಿಗೆ ಇಳಿದ ಯಾವ ಲೋಹದ ಮೇಲಾದರೂ ಹನಿ ಕೂಡುತ್ತದೆ. ಫ್ರಿಜ್ಜಿನಿಂದ ತೆಗೆದ ತಂಬಿಗೆ ಮೇಜಿನ ಮೇಲೆ ಬೆವರುವುದನ್ನು ನಾವು ದಿನವೂ ನೋಡುತ್ತೇವೆ. ಬ್ಲಾಕ್ ಹಾಗೆ ಬೆವರಿದರೆ ಆ ಹನಿಗಳು ಇಳಿಯುವುದು ಬೋರ್ಡಿನ ಮೇಲೆ. ಸಾಮಾನ್ಯ ರೇಡಿಯೇಟರಿನ ವ್ಯವಸ್ಥೆಯಲ್ಲಿ ನೀರು ಯಾವಾಗಲೂ ಗಾಳಿಗಿಂತ ಬೆಚ್ಚಗೇ ಇರುವುದರಿಂದ ಈ ಭಯವಿಲ್ಲ.

ನೀರಿಗೆ ಮೊದಲು ಸ್ಕ್ರೂ ಡ್ರೈವರ್

ನನ್ನ ಕಾರ್ಡ್ ಬೇರೊಬ್ಬರು ಬಳಸಿ ಬಿಟ್ಟದ್ದು. ಹೀಟ್‌ಸಿಂಕನ್ನು ಮೊದಲ ಬಾರಿ ಬಿಚ್ಚಿದಾಗ ಮೆಮೊರಿಯ ಮೇಲಿನ ಪ್ಯಾಡುಗಳು ಒಣಗಿದ ಹಪ್ಪಳದಂತೆ ಮುರಿದು ಬಂದವು. ಅವುಗಳ ಸುತ್ತ ಬೋರ್ಡಿನ ಮೇಲೆ ಸಿಲಿಕೋನ್ ಎಣ್ಣೆ ಜಿನುಗಿ, ಆ ಎಣ್ಣೆಗೆ ಧೂಳು ಹಿಡಿದು ಕಪ್ಪು ಅಂಚು ಕಟ್ಟಿತ್ತು. ಬೆನ್ನಿನ ಎರಡು ಚಿಪ್‌ಗಳ ಪ್ಯಾಡುಗಳ ಮೇಲೆ ಬ್ಯಾಕ್‌ಪ್ಲೇಟ್ ಒತ್ತಿದ ಗುರುತೇ ಇರಲಿಲ್ಲ. ಅಂದರೆ ಅವೆರಡು ಅಷ್ಟು ದಿನವೂ ಯಾವ ಆಸರೆಯೂ ಇಲ್ಲದೆ ಬೆಂದಿದ್ದವು.

ಹೊಸ ಪ್ಯಾಡ್ ಹಾಕುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ದಪ್ಪ. ಪೊಟ್ಟಣದ ಮೇಲೆ ಬರೆದ ಶಾಖವಾಹಕತೆಯ ಅಂಕಿ ಎಷ್ಟು ದೊಡ್ಡದಿದ್ದರೂ, 1.5 ಮಿ.ಮೀ. ಬೇಕಾದಲ್ಲಿ 2 ಮಿ.ಮೀ. ಹಾಕಿದರೆ ಹೀಟ್‌ಸಿಂಕ್ ಎತ್ತಿ ನಿಂತು ಮುಖ್ಯ ಚಿಪ್‌ಗೇ ಸರಿಯಾಗಿ ತಾಗುವುದಿಲ್ಲ, 1 ಮಿ.ಮೀ. ಹಾಕಿದರೆ ಮೆಮೊರಿಗೆ ತಾಗುವುದಿಲ್ಲ. ಸರಿಯಾದ ದಪ್ಪ ಕಾರ್ಡಿನಿಂದ ಕಾರ್ಡಿಗೆ, ಅದೇ ಕಾರ್ಡಿನ ಮುಂಬದಿಯಿಂದ ಬೆನ್ನಿಗೆ ಬದಲಾಗುತ್ತದೆ. ಖಚಿತವಾಗಿ ತಿಳಿಯದಿದ್ದರೆ, ಕಣಕದಂತೆ ಮೆತ್ತಗಿದ್ದು ಒತ್ತಿದಷ್ಟೂ ಹರಡಿಕೊಳ್ಳುವ ಥರ್ಮಲ್ ಪುಟ್ಟಿಯನ್ನು ಬಳಸುವುದು ಹೆಚ್ಚು ಕ್ಷೇಮ. ಮುಖ್ಯ ಚಿಪ್‌ಗೆ ನಾನು ಸಾಮಾನ್ಯ ಥರ್ಮಲ್ ಪೇಸ್ಟಿನ ಬದಲು ಹನಿವೆಲ್ ಕಂಪನಿಯ ಪಿಟಿಎಮ್7950 ಹಾಳೆಯನ್ನು ಹಾಕುತ್ತೇನೆ. ಬಿಸಿಯಾದಾಗ ಮೆದುವಾಗಿ ಸಂದುಗಳನ್ನು ತುಂಬುವ ಈ ಹಾಳೆ ಪೇಸ್ಟಿನಂತೆ ಕೆಲವೇ ತಿಂಗಳಲ್ಲಿ ಅಂಚಿಗೆ ಸರಿದು ಹೋಗುವುದಿಲ್ಲ. ಬಿಚ್ಚುವ ಮೊದಲು ವಾರಂಟಿಯ ಷರತ್ತನ್ನು ಓದಬೇಕು, ಸ್ಕ್ರೂ ಮೇಲೆ ಅಂಟಿಸಿದ ಚಿಕ್ಕ ಸ್ಟಿಕ್ಕರನ್ನೂ ಗಮನಿಸಬೇಕು.

ಇದರ ಜೊತೆಗೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ವಿದ್ಯುತ್ ಮಿತಿಯನ್ನು ಶೇಕಡಾ 75–80ಕ್ಕೆ ಇಳಿಸಿ ನೋಡಿ. 350 ವ್ಯಾಟಿನ ಕಾರ್ಡ್ 270ರ ಹತ್ತಿರ ನಿಲ್ಲುತ್ತದೆ. ಕೆಲಸದ ವೇಗದಲ್ಲಿ ಆಗುವ ಇಳಿಕೆ ಅದಕ್ಕಿಂತ ಬಹಳ ಕಡಿಮೆ. ಆದರೆ ಈ ಮಿತಿ ಹೆಚ್ಚಾಗಿ ಚಿಪ್‌ನ ಶಾಖವನ್ನು ಇಳಿಸುತ್ತದೆ. ಮೆಮೊರಿ ತನ್ನ ವೇಗದಲ್ಲೇ ಓಡುತ್ತಿರುತ್ತದೆ, ಪಕ್ಕದ ಚಿಪ್ ತಣ್ಣಗಾದಷ್ಟು ಮಾತ್ರ ಅದಕ್ಕೆ ಲಾಭ. ಶಿರಸಿಯಲ್ಲಿರುವ ನಮ್ಮ ಭಾವನ ಆರ್‌ಟಿಎಕ್ಸ್ 3080ಕ್ಕೆ ಇಷ್ಟೇ ಸಾಕಾಯಿತು. ಅದರ ಹತ್ತೂ ಮೆಮೊರಿ ಚಿಪ್‌ಗಳು ಮುಂಬದಿಗಿವೆ, ಸಮುದ್ರಮಟ್ಟದಿಂದ 600 ಮೀಟರಿನಷ್ಟು ಎತ್ತರದ ಆ ಊರಿನಲ್ಲಿ ಕೋಣೆಯ ಗಾಳಿಯೂ ನಮ್ಮಲ್ಲಿಗಿಂತ ತಂಪು. ಪ್ಯಾಡ್ ಬದಲಿಸಿ ಮಿತಿ ಇಳಿಸಿದ ಮೇಲೆ ಅವರ ಮೆಮೊರಿ 102ರಿಂದ 86ಕ್ಕೆ ಬಂತು. ನೀರು ಹಾಕಿಸಿಕೊಡು ಎಂದು ಕೇಳಿದ್ದವರಿಗೆ ನಾನು ಬೇಡ ಎಂದೇ ಹೇಳಿದೆ.

ನನ್ನ ಕಾರ್ಡಿಗೆ ಅದು ಸಾಲಲಿಲ್ಲ. ಮುಂಬದಿ ಸರಿಹೋಯಿತು, ಬೆನ್ನಿನ ಬಿಸಿ 100ರ ಮೇಲೆಯೇ ಉಳಿಯಿತು. ಬ್ಯಾಕ್‌ಪ್ಲೇಟಿನ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇಟ್ಟು ಒಂದು 120 ಮಿ.ಮೀ. ಫ್ಯಾನನ್ನು ಅದರತ್ತ ತಿರುಗಿಸಿದಾಗ 94ಕ್ಕೆ ಇಳಿಯಿತು. ಖರ್ಚಿಗೆ ಹೋಲಿಸಿದರೆ ಇದರಷ್ಟು ಲಾಭದ ಉಪಾಯ ಮತ್ತೊಂದಿಲ್ಲ, ಎಷ್ಟೋ ಜನ ಇಲ್ಲಿಗೇ ನಿಲ್ಲಬಹುದು. ಆದರೂ ನಾನು ಮುಂದೆ ಹೋದದ್ದು ಸದ್ದಿನ ಕಾರಣಕ್ಕೆ. ಭಾಗವತರ ಪದ್ಯದ ಹಿಂದೆ ಮದ್ದಳೆಯ ಸಣ್ಣ ಗುಮಕಿಯನ್ನು ಕೇಳಿ ಧ್ವನಿ ಹೊಂದಿಸಬೇಕಾದ ಕೋಣೆಯಲ್ಲಿ ನಾಲ್ಕು ಫ್ಯಾನುಗಳು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೆ ಕೆಲಸ ಸಾಗುವುದಿಲ್ಲ.

ನೀರಿನ ನಾಲ್ಕು ಬಗೆ

ಎಲ್ಲಕ್ಕಿಂತ ಅಗ್ಗವಾದದ್ದು ಚಿಪ್‌ಗೆ ಮಾತ್ರ ತಾಗುವ ಸಣ್ಣ ಬ್ಲಾಕ್, ಅಥವಾ ಪ್ರೊಸೆಸರಿನ ನೀರಿನ ಕೂಲರನ್ನೇ ಬ್ರಾಕೆಟ್ ಮೂಲಕ ಗ್ರಾಫಿಕ್ಸ್ ಕಾರ್ಡಿಗೆ ಬಿಗಿಯುವ ಪದ್ಧತಿ. ಎನ್‌ಝಡ್‌ಎಕ್ಸ್‌ಟಿಯ ಕ್ರಾಕನ್ ಜಿ12 ಇಂಥದ್ದೇ. ಮೆಮೊರಿ ಮತ್ತು ವಿಆರ್‌ಎಮ್‌ಗೆ ಗಾಳಿ ಬೀಸಲು ಅದರಲ್ಲಿ 92 ಮಿ.ಮೀ. ಫ್ಯಾನ್ ಇರುತ್ತದೆ. ಈ ಬಗೆಯಲ್ಲಿ ಮೆಮೊರಿಯ ಪ್ರತಿ ಚಿಪ್‌ಗೂ ಉಗುರಿನಗಲದ ಹೀಟ್‌ಸಿಂಕನ್ನು ಅಂಟಿನ ಟೇಪಿನಿಂದ ಅಂಟಿಸಬೇಕಾಗುತ್ತದೆ. ಜಿಡಿಡಿಆರ್5 ಕಾಲದ ಹಳೆಯ ಕಾರ್ಡುಗಳಿಗೆ ಇದು ಒಪ್ಪುತ್ತಿತ್ತು. ಜಿಡಿಡಿಆರ್6ಎಕ್ಸ್ ಕಾರ್ಡುಗಳಿಗೆ ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕಾರ್ಖಾನೆಯ ದೊಡ್ಡ ಹೀಟ್‌ಸಿಂಕಿನ ಆಸರೆ ಹೋಗಿ ಮೆಮೊರಿ ಮೊದಲಿಗಿಂತ ಹೆಚ್ಚು ಬಿಸಿಯಾಗಬಹುದು. ನಮ್ಮ ಸೆಕೆಯಲ್ಲಿ ಅಂಟು ಮೆದುವಾಗಿ ಹೀಟ್‌ಸಿಂಕ್ ಕಳಚಿ ಕೆಳಗಿನ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುವ ಅಪಾಯವೂ ಇದೆ.

ಎರಡನೆಯದು ಕಾರ್ಖಾನೆಯಿಂದಲೇ ರೇಡಿಯೇಟರ್ ಜೋಡಿಸಿ ಬರುವ ಹೈಬ್ರಿಡ್ ಕಾರ್ಡ್. ಎಎಮ್‌ಡಿಯ 2014ರ ಆರ್9 295ಎಕ್ಸ್2 ಕಾರ್ಡಿನಲ್ಲಿ ಎರಡು ಚಿಪ್‌ಗಳಿಗೆ ನೀರು, ಉಳಿದ ಭಾಗಕ್ಕೆ ನಡುವಿನ ಫ್ಯಾನ್ ಇತ್ತು. ಒಟ್ಟು 500 ವ್ಯಾಟಿನ ಬಹುಪಾಲನ್ನು ಒಂದು 120 ಮಿ.ಮೀ. ರೇಡಿಯೇಟರ್ ನಿಭಾಯಿಸಬೇಕಿತ್ತು. ಈಗಿನವುಗಳಲ್ಲಿ 240 ಅಥವಾ 360 ಮಿ.ಮೀ. ರೇಡಿಯೇಟರ್ ಸಾಮಾನ್ಯ. ಹೊಸ ಕಾರ್ಡ್ ಕೊಳ್ಳುವವರಿಗೆ, ಸ್ಕ್ರೂ ಡ್ರೈವರ್ ಹಿಡಿಯಲು ಮನಸ್ಸಿಲ್ಲದವರಿಗೆ ನನ್ನ ಮೊದಲ ಆಯ್ಕೆ ಇದೇ, ಏಕೆಂದರೆ ವಾರಂಟಿ ಉಳಿಯುತ್ತದೆ ಮತ್ತು ಸೋರಿದರೆ ಹೊಣೆ ತಯಾರಕರದ್ದು. ಆದರೆ ನೀರು ಹರಿಯುವ ತಾಮ್ರದ ತಟ್ಟೆ ಮೆಮೊರಿಯನ್ನೂ ಮುಚ್ಚುತ್ತದೆಯೇ ಇಲ್ಲವೇ ಎಂಬುದನ್ನು ಬಿಚ್ಚಿ ತೋರಿಸಿದ ಚಿತ್ರದಲ್ಲಿ ಕಣ್ಣಾರೆ ನೋಡಿಯೇ ಹಣ ಕೊಡಬೇಕು. ಕೆಲವು ಕಾರ್ಡುಗಳಲ್ಲಿ ಮುಚ್ಚುತ್ತದೆ, ಇನ್ನು ಕೆಲವುಗಳಲ್ಲಿ ಮೆಮೊರಿ ಗಾಳಿಯ ಪಾಲಿಗೇ ಉಳಿದಿರುತ್ತದೆ.

ಮೂರನೆಯದು, ಇರುವ ಕಾರ್ಡಿನ ಕೂಲರನ್ನು ತೆಗೆದು ಹಾಕಬಹುದಾದ, ಪಂಪ್, ರೇಡಿಯೇಟರ್, ನೀರು ಎಲ್ಲವೂ ತುಂಬಿ ಸಿದ್ಧವಾಗಿ ಬರುವ ಫುಲ್ ಕವರ್ ಕಿಟ್. ಆಲ್ಫಾಕೂಲ್ ಕಂಪನಿಯ ಐಸ್‌ವೋಲ್ಫ್ 2 ಈ ಜಾತಿಯದು. ಅದರ ಬ್ಲಾಕ್ ಚಿಪ್, ಮೆಮೊರಿ, ವಿಆರ್‌ಎಮ್ ಮೂರನ್ನೂ ಮುಚ್ಚುತ್ತದೆ. ಮೆಮೊರಿ ಮುಂಬದಿಗೆ ಮಾತ್ರ ಇರುವ 3080, 3090 ಟಿಐ, 4090ರಂಥ ಕಾರ್ಡುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಬೆನ್ನಿಗೂ ಮೆಮೊರಿ ಇರುವ 3090ಕ್ಕೆ ಇದರ ಜೊತೆಗೂ ಬೆನ್ನಿನ ಫ್ಯಾನ್ ಬೇಕಾಗುತ್ತದೆ.

ನಾಲ್ಕನೆಯದು ಬಿಡಿಭಾಗಗಳನ್ನು ತಂದು ನಾವೇ ಕಟ್ಟುವ ಕಸ್ಟಮ್ ಲೂಪ್. ಇದರಲ್ಲಿ ಮಾತ್ರ ಬೆನ್ನಿಗೂ ನೀರು ಹಾಯಿಸುವ ಆಕ್ಟಿವ್ ಬ್ಯಾಕ್‌ಪ್ಲೇಟ್ ಹಾಕಲು ಬರುತ್ತದೆ. ಇಕೆ, ಬಿಕ್ಸ್ಕಿ ಮೊದಲಾದ ಕಂಪನಿಗಳವರು 3090ಕ್ಕೆ ಇಂಥವನ್ನು ಮಾಡಿದ್ದಾರೆ. ನಾನು ಕೊನೆಗೆ ಆರಿಸಿದ್ದು ಇದನ್ನೇ. ಕೋಣೆ 33 ಡಿಗ್ರಿ ಇದ್ದಾಗ ನೀರು 43, ಚಿಪ್ 58, ಮೆಮೊರಿ 76ರಲ್ಲಿ ನಿಲ್ಲುತ್ತವೆ, ಫ್ಯಾನುಗಳ ಸದ್ದು ಹೆಡ್‌ಫೋನ್ ಹಾಕದಿದ್ದರೂ ಕೇಳಿಸದು. ಆದರೆ ಬ್ಲಾಕ್, ಪಂಪ್, ಟ್ಯಾಂಕ್, ರೇಡಿಯೇಟರ್, ಫಿಟ್ಟಿಂಗುಗಳೆಲ್ಲ ಸೇರಿ ಆದ ಖರ್ಚು ನಾನು ಆ ಹಳೆಯ ಕಾರ್ಡಿಗೆ ಕೊಟ್ಟ ಹಣದ ಅರ್ಧವನ್ನು ದಾಟಿತು. ಆಟಕ್ಕೆಂದು ಸಂಜೆ ಎರಡು ಗಂಟೆ ಕಂಪ್ಯೂಟರ್ ಬಳಸುವವರಿಗೆ ಇದು ಬೇಕಿಲ್ಲ. ಗಂಟೆಗಟ್ಟಲೆ ಮೆಮೊರಿಯನ್ನೇ ದುಡಿಸುವ ವಿಡಿಯೊ ಕೆಲಸ, ಬ್ಲೆಂಡರ್ ತಂತ್ರಾಂಶದ 3ಡಿ ರೆಂಡರಿಂಗ್, ಎಐ ಭಾಷಾಮಾದರಿಗಳನ್ನು ಮನೆಯಲ್ಲೇ ಓಡಿಸುವ ಕೆಲಸ ಇರುವವರಿಗೆ ಮಾತ್ರ ಆ ಹಣ ಸಾರ್ಥಕ.

ಬ್ಲಾಕ್ ಕೊಳ್ಳುವಾಗ ಆಗಬಹುದಾದ ಒಂದು ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದೂರದ ಊರಿನ ಅಂಗಡಿಯವರೊಬ್ಬರು 3090ಕ್ಕೆ ಹೊಂದುತ್ತದೆ ಎಂದು ಕಳಿಸಿದ ಮೊದಲ ಬ್ಲಾಕ್ ನನ್ನ ಕಾರ್ಡಿಗೆ ಹೊಂದಲಿಲ್ಲ. ಬ್ಲಾಕಿನ ಒಂದು ಅಂಚು ಎತ್ತರದ ಕೆಪಾಸಿಟರ್ ಒಂದಕ್ಕೆ ತಾಗುತ್ತಿತ್ತು. ನಾನು ಇನ್ನೊಂದು ಸುತ್ತು ಬಿಗಿದಿದ್ದರೆ ಅದು ಕಿತ್ತು ಬರುತ್ತಿತ್ತು. ಒಂದೇ ಹೆಸರಿನ ಕಾರ್ಡನ್ನು ಹಲವು ಕಂಪನಿಗಳು ಬೇರೆ ಬೇರೆ ಬೋರ್ಡುಗಳಲ್ಲಿ ಮಾಡುತ್ತವೆ. ಎನ್‌ವಿಡಿಯಾದ ಸ್ವಂತ ಫೌಂಡರ್ಸ್ ಕಾರ್ಡಿನ ಗಿಡ್ಡ ಬೋರ್ಡಂತೂ ಉಳಿದೆಲ್ಲಕ್ಕಿಂತ ಬೇರೆ. ಆದ್ದರಿಂದ ಬ್ಲಾಕಿನ ತಯಾರಕರು ಕೊಡುವ ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಕಂಪನಿ ಮತ್ತು ಪೂರ್ಣ ಮಾದರಿ ಹೆಸರನ್ನು ಅಕ್ಷರ ಬಿಡದೆ ಹೊಂದಿಸಿ ನೋಡಬೇಕು. ಕಾರವಾರದಿಂದ ಬದಲಾವಣೆಗೆ ಕಳಿಸಿ ಮರಳಿ ತರಿಸಿಕೊಳ್ಳುವಷ್ಟರಲ್ಲಿ ನನಗೆ ಮೂರು ವಾರ ಹೋಯಿತು.

ಉಪ್ಪುಗಾಳಿ, ಲೋಹ, ಮತ್ತು ಯಾವ ನೀರು ಎಂಬ ಮಾತು

ಕಡಲತೀರದ ಮನೆಗಳಲ್ಲಿ ಕಿಟಕಿಯ ಸರಳು, ಸೈಕಲ್, ಗೇಟು ಯಾವುದೂ ಹೆಚ್ಚು ದಿನ ಬಾಳುವುದಿಲ್ಲ. ರೇಡಿಯೇಟರಿನ ತೆಳು ರೆಕ್ಕೆಗಳೂ ಅದಕ್ಕೆ ಹೊರತಲ್ಲ. ಸಿದ್ಧವಾಗಿ ಬರುವ ಮುಚ್ಚಿದ ಕೂಲರುಗಳಲ್ಲಿ ಹೆಚ್ಚಿನವುಗಳ ರೇಡಿಯೇಟರ್ ಅಲ್ಯೂಮಿನಿಯಂ, ಕಸ್ಟಮ್ ಲೂಪಿನವು ಹೆಚ್ಚಾಗಿ ತಾಮ್ರ ಮತ್ತು ಹಿತ್ತಾಳೆ. ಬಣ್ಣ ಕೆದರಿದ ಕಡೆ ಅಲ್ಯೂಮಿನಿಯಂ ಮೇಲೆ ಬಿಳಿ ಹುಡಿ ಕೂಡುತ್ತದೆ, ತಾಮ್ರದ ಮೇಲೆ ಹಸಿರು ಕಿಲುಬು. ತಾಮ್ರದ್ದು ಹೆಚ್ಚು ತಾಳುತ್ತದೆ ಎಂಬುದು ನನ್ನ ಅನುಭವ. ಯಾವುದೇ ಆದರೂ ಕಂಪ್ಯೂಟರನ್ನು ಸಮುದ್ರದ ಕಡೆಯ ಕಿಟಕಿಯ ಬಳಿ ಇಡಬಾರದು. ಉಪ್ಪು ಮತ್ತು ತೇವಕ್ಕೆ ಧೂಳು ಸೇರಿದರೆ ರೆಕ್ಕೆಗಳ ನಡುವೆ ಕೆಸರಿನಂಥ ಪದರ ಕಟ್ಟುತ್ತದೆ. ಮೂರು ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ ಮತ್ತು ಬ್ಲೋವರಿನಿಂದ ತೆಗೆಯದಿದ್ದರೆ ಗಾಳಿಯೇ ಹಾಯುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿಲ್ಲದಿದ್ದರೂ ಕಂಪ್ಯೂಟರನ್ನು ದಿನಕ್ಕೊಂದು ಗಂಟೆ ಚಾಲೂ ಇಟ್ಟರೆ ಒಳಗಿನ ಭಾಗಗಳು ಬೆಚ್ಚಗಿದ್ದು ಒಣಗಿರುತ್ತವೆ.

ಲೂಪಿನ ಒಳಗೆ ಅಲ್ಯೂಮಿನಿಯಂ ಮತ್ತು ತಾಮ್ರವನ್ನು ಎಂದೂ ಕೂಡಿಸಬಾರದು. ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆಯೇ ನಡೆದು ಅಲ್ಯೂಮಿನಿಯಂ ಸವೆಯುತ್ತದೆ, ಸವೆದ ಚೂರು ಬ್ಲಾಕಿನ ಕೂದಲೆಳೆಯಂಥ ಕಾಲುವೆಗಳನ್ನು ಮುಚ್ಚುತ್ತದೆ. ಮುಚ್ಚಿದ ಕೂಲರುಗಳಲ್ಲಿ ತಯಾರಕರು ತುಕ್ಕುನಿರೋಧಕ ಬೆರೆಸಿ ಸೀಲು ಮಾಡಿರುವುದರಿಂದ ಅವು ತಾಳುತ್ತವೆ. ಅವುಗಳನ್ನು ಬಿಚ್ಚಿ ಬೇರೆ ನೀರು ತುಂಬಿದ ದಿನದಿಂದ ಆ ರಕ್ಷಣೆ ಹೋಯಿತು.

ನೀರಿನ ವಿಷಯದಲ್ಲಿ ನಮ್ಮವರು ಮಾಡುವ ಉಳಿತಾಯ ನನ್ನನ್ನು ಹೆಚ್ಚು ಹೆದರಿಸುತ್ತದೆ. ಬಾವಿಯ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಲವಣಗಳಿವೆ, ಚಿರೇಕಲ್ಲಿನ ನೆಲವಾದರೆ ಕಬ್ಬಿಣದ ಅಂಶವೂ ಇರುತ್ತದೆ. ಫಿಲ್ಟರಿನ ಆರ್‌ಒ ನೀರಿನಲ್ಲಿಯೂ ಲವಣ ಪೂರ್ತಿ ಹೋಗಿರುವುದಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ ಎಂದು ಹಿಡಿದಿಡುವವರಿದ್ದಾರೆ. ಅದು ಧೂಳು, ಬೂಸ್ಟು, ಲೋಹ ಎಲ್ಲವನ್ನೂ ತೊಳೆದುಕೊಂಡು ಬಂದ ನೀರು. ಲೂಪಿಗೆಂದೇ ತಯಾರಿಸಿದ ಕೂಲಂಟ್ ಉತ್ತಮ. ಸಿಗದಿದ್ದರೆ ಸೀಲು ಒಡೆಯದ ಡಿಸ್ಟಿಲ್ಡ್ ವಾಟರಿಗೆ ತುಕ್ಕು ಮತ್ತು ಪಾಚಿ ಎರಡನ್ನೂ ತಡೆಯುವ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಬರೇ ಡಿಸ್ಟಿಲ್ಡ್ ವಾಟರ್ ಹಾಕಿ ಬಿಸಿಲು ಬೀಳುವ ಜಾಗದಲ್ಲಿ ಪಾರದರ್ಶಕ ಟ್ಯಾಂಕ್ ಇಟ್ಟರೆ ನಮ್ಮ ಹವೆಯಲ್ಲಿ ಪಾಚಿ ಹಿಡಿಯದೆ ಇರದು. ಬಣ್ಣದ ಕೂಲಂಟಿನ ಆಸೆ ಬಿಡುವುದು ಒಳ್ಳೆಯದು. ಅದರ ಬಣ್ಣದ ಕಣಗಳು ಕಾಲಾಂತರದಲ್ಲಿ ಕಾಲುವೆಗಳಲ್ಲಿ ಕೂಡುತ್ತವೆ.

ಜೋಡಿಸಿದ ದಿನ

ನೀರು ತುಂಬುವ ಮೊದಲು ಗಾಳಿಯಿಂದ ಪರೀಕ್ಷೆ ಮಾಡುವ ಸಣ್ಣ ಕೈಪಂಪನ್ನು ತಪ್ಪದೆ ಕೊಳ್ಳಿ. ಲೂಪಿನೊಳಗೆ ಸುಮಾರು 0.5 ಬಾರ್ ಒತ್ತಡ ಏರಿಸಿ ಮುಳ್ಳನ್ನು ನೋಡುತ್ತ ಕೂರಬೇಕು. ನನ್ನ ಮೊದಲ ಪರೀಕ್ಷೆಯಲ್ಲಿ ಹತ್ತು ನಿಮಿಷದಲ್ಲಿ ಮುಳ್ಳು ಕಣ್ಣಿಗೆ ಕಾಣುವಷ್ಟು ಇಳಿಯಿತು. ಫಿಟ್ಟಿಂಗುಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದಾಗ, ಏಳನೆಯದರ ಓ-ರಿಂಗ್ ಎಂಬ ರಬ್ಬರ್ ಬಳೆಯ ಮೇಲೆ ಟ್ಯೂಬ್ ಕತ್ತರಿಸುವಾಗ ಎದ್ದ ಪ್ಲಾಸ್ಟಿಕ್ಕಿನ ಒಂದು ಸುರುಳಿ ಸಿಕ್ಕಿಕೊಂಡಿತ್ತು. ಹುಬ್ಬಿನ ಕೂದಲಿಗಿಂತ ದಪ್ಪವಿರಲಿಲ್ಲ. ಅದನ್ನು ತೆಗೆದು ಮತ್ತೆ ಬಿಗಿದ ಮೇಲೆ ಮುಳ್ಳು ಅರ್ಧ ಗಂಟೆ ಅಲುಗಲಿಲ್ಲ. ನೀರು ತುಂಬಿದ ಬಳಿಕ ಮದರ್‌ಬೋರ್ಡಿಗಾಗಲಿ ಕಾರ್ಡಿಗಾಗಲಿ ವಿದ್ಯುತ್ ಕೊಡದೆ ಪಂಪ್ ಒಂದನ್ನೇ ಓಡಿಸಿ, ಪ್ರತಿ ಫಿಟ್ಟಿಂಗಿನ ಕೆಳಗೆ ಬಿಳಿ ಟಿಶ್ಯೂ ಕಾಗದ ಹಾಸಿ, ಒಂದು ದಿನ ಪೂರ್ತಿ ಬಿಟ್ಟೆ.

ಸಿದ್ಧ ಕೂಲರ್ ಹಾಕುವವರು ಗಮನಿಸಬೇಕಾದದ್ದು ರೇಡಿಯೇಟರಿನ ಎತ್ತರ. ವರ್ಷಗಳು ಕಳೆದಂತೆ ಟ್ಯೂಬಿನ ಮೈಯಿಂದ ನೀರು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗಿ ಒಳಗೆ ಗಾಳಿ ಸೇರುತ್ತದೆ. ರೇಡಿಯೇಟರಿನ ತುದಿ ಪಂಪಿಗಿಂತ ಮೇಲಿದ್ದರೆ ಆ ಗಾಳಿ ಅಲ್ಲಿ ನಿಲ್ಲುತ್ತದೆ, ಕೆಳಗಿದ್ದರೆ ಪಂಪಿನೊಳಗೆ ಸೇರಿ ಗರಗರ ಸದ್ದು ಮಾಡಿ ಅದರ ಆಯುಷ್ಯ ಕಡಿಮೆ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೇಸಿನ ನಡುವೆ ಇರುವುದರಿಂದ ರೇಡಿಯೇಟರನ್ನು ಮೇಲ್ಭಾಗದಲ್ಲಿ ಬಿಗಿಯುವುದು ಸರಿ.

ಕಸ್ಟಮ್ ಲೂಪ್ ಕಟ್ಟುವವರು ನಕ್ಷೆ ಬರೆಯುವಾಗಲೇ ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ ನೀರು ಖಾಲಿ ಮಾಡುವ ವಾಲ್ವ್ ಒಂದನ್ನು ಇಡಬೇಕು. ನಾನು ಇಟ್ಟಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಕೆಲಸದ ಸಲುವಾಗಿ ಒಂದು ತಿಂಗಳ ಮಟ್ಟಿಗೆ ಕಂಪ್ಯೂಟರನ್ನು ಕುಮಟೆಯ ಮೇಲೆ ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ಯಬೇಕಾಗಿ ಬಂತು. ತುಂಬಿದ ಲೂಪನ್ನು ಆ ತಿರುವುಗಳಲ್ಲಿ ಕುಲುಕಿಸಲು ಧೈರ್ಯ ಸಾಲದೆ, ಕೇಸನ್ನು ಅಂಗಳದ ಕಟ್ಟೆಯ ಮೇಲೆ ಓರೆಯಾಗಿ ಹಿಡಿದು, ಭಾವ ಕೆಳಗೆ ಪಾತ್ರೆ ಒಡ್ಡಿಕೊಂಡು, ಒಂದೂವರೆ ತಾಸು ನೀರು ಬಸಿದೆವು. ಶಿರಸಿಯಲ್ಲಿ ಮರಳಿ ತುಂಬುವ ಮೊದಲು ಕೆಳಗಿನ ಟ್ಯೂಬಿಗೆ ಇಂಗ್ಲಿಷಿನ T ಆಕಾರದ ಫಿಟ್ಟಿಂಗ್ ಹಾಕಿ ವಾಲ್ವ್ ಕೂರಿಸಿದೆ. ಈಗ ವರ್ಷಕ್ಕೊಮ್ಮೆ ಕೂಲಂಟ್ ಬದಲಿಸುವ ಕೆಲಸ ಹತ್ತು ನಿಮಿಷದ್ದು.